ಮುಚ್ಚಿಟ್ಟ ಎಲೆ: ಎಡ್ವರ್ಡ್ ಜಿ. ರಾಬಿನ್ಸನ್ ಅವರ ಬದುಕು

ಇಸ್ಪೀಟು ಆಡಿದವರಿಗಷ್ಟೇ ಅಲ್ಲ, ಆಡದವರಿಗೂ ಆ 52 ಎಲೆ ಚೆನ್ನಾಗಿ ಗೊತ್ತು. ಪಿಯುಸಿ ಗಣಿತದಲ್ಲಿ ಪ್ರಾಬಬಿಲಿಟಿ ಅಂದ ಕೂಡಲೇ ಮೇಷ್ಟ್ರು ಬಿಚ್ಚೋದೇ ಚೆನ್ನಾಗಿ ಕಲಸಿದ ಒಂದು ಪ್ಯಾಕು. ಮನೆಯಲ್ಲಿ ಎಲೆ ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ನಾವೆಲ್ಲ ಪರೀಕ್ಷೆಯಲ್ಲಿ ಮಾತ್ರ ರಾಜ, ರಾಣಿ, ಗುಲಾಮರನ್ನು ಧೈರ್ಯವಾಗಿ ಎಣಿಸಿದವರು. ಈ ಸಲದ ಬರಹಕ್ಕೂ ಅದೇ 52 ಎಲೆ ಬೇಕು. ಆದರೆ ನಾವು ಹೇಳಹೊರಟಿರೋದು ಎಲೆಗಳ ಕತೆಯಲ್ಲ, ಅವನ್ನು ಕೈಯಲ್ಲಿ ಹಿಡಿದು ಕೂತಿದ್ದ ಒಬ್ಬ ಹಿರಿಯ ನಟರ ಕತೆ.

1965ರಲ್ಲಿ ತೆರೆಕಂಡ 'ದ ಸಿನ್ಸಿನಾಟಿ ಕಿಡ್' ಪೋಕರ್ ಆಟದ ಮೇಲೆ ಬಂದ ಸಿನಿಮಾಗಳಲ್ಲಿ ಇವತ್ತಿಗೂ ಮೊದಲ ಸಾಲಿನಲ್ಲಿ ನಿಲ್ಲುತ್ತೆ. ರಿಚರ್ಡ್ ಜೆಸಪ್ ಬರೆದ ಕಾದಂಬರಿ ಅದರ ಮೂಲ. ನಿರ್ದೇಶಕ ನಾರ್ಮನ್ ಜ್ಯೂಯಿಸನ್. ಕತೆ ನಡೆಯೋದು 1930ರ ದಶಕದ ನ್ಯೂ ಆರ್ಲಿಯನ್ಸ್‌ನಲ್ಲಿ. ಊರಿನ ಮೇಜುಗಳನ್ನೆಲ್ಲ ಗೆದ್ದು ಇನ್ನೂ ದೊಡ್ಡದಕ್ಕೆ ಕೈಹಾಕಬೇಕು ಅಂತಿರೋ ಹುಡುಗ ಕಿಡ್. ಆ ಪಾತ್ರದಲ್ಲಿ ಸ್ಟೀವ್ ಮೆಕ್ವೀನ್. ಅವನೆದುರು ಕೂರೋದು ಲ್ಯಾನ್ಸಿ ಹೊವಾರ್ಡ್ ಅನ್ನೋ ಹಳೇ ಹುಲಿ. ಆಟಗಾರರ ಬಾಯಲ್ಲಿ ಅವನ ಹೆಸರೇ 'ದ ಮ್ಯಾನ್'. ಪೋಸ್ಟರಿನ ತುಂಬ ಮೆಕ್ವೀನ್ ಮುಖ. ಆದರೆ ಸಿನಿಮಾ ಮುಗಿದ ಮೇಲೆ ಕಣ್ಣಮುಂದೆ ಉಳಿಯೋದು ಎದುರಿಗೆ ಕೂತಿದ್ದ ಆ ಕುಳ್ಳಗಿನ, ಗಡ್ಡದ, ನಿಧಾನಕ್ಕೆ ಎಲೆ ಎತ್ತಿ ನೋಡೋ ಮುದುಕ. ಆ ಪಾತ್ರ ಮಾಡಿದವರು ಎಡ್ವರ್ಡ್ ಜಿ. ರಾಬಿನ್ಸನ್. ಆಗ ಅವರಿಗೆ 71 ವರ್ಷ.

ಅವರ ಹೆಸರಿನ ನಡುವೆ ಒಂದು 'ಜಿ' ಇದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದು ಅವರ ಹುಟ್ಟಿದ ಮನೆಯ ಹೆಸರು, ಗೋಲ್ಡನ್‌ಬರ್ಗ್. 1893ರ ಡಿಸೆಂಬರ್ 12ರಂದು ರೊಮೇನಿಯಾದ ಬುಕಾರೆಸ್ಟ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಆರು ಗಂಡು ಮಕ್ಕಳ ಪೈಕಿ ಐದನೆಯವನಾಗಿ ಹುಟ್ಟಿದ ಹುಡುಗನಿಗೆ ಇಮ್ಯಾನ್ಯುಯೆಲ್ ಅಂತ ಹೆಸರಿಟ್ಟರು. ಯೆಹೂದಿಗಳನ್ನು ಕಂಡರಾಗದ ಪುಂಡರು ಅಣ್ಣಂದಿರಲ್ಲಿ ಒಬ್ಬನ ಮೇಲೆ ಬಿದ್ದು ಹೊಡೆದರು. ಇನ್ನು ಇಲ್ಲಿ ಬಾಳೋಕಾಗಲ್ಲ ಅಂತ ಮನೆಯವರು ಒಬ್ಬೊಬ್ಬರಾಗಿ ಹಡಗು ಹತ್ತಿದರು. 1904ರಲ್ಲಿ ನ್ಯೂಯಾರ್ಕಿಗೆ ಬಂದು ಇಳಿದಾಗ ಇಮ್ಯಾನ್ಯುಯೆಲ್‌ಗೆ ಹತ್ತು ವರ್ಷ. ಇಂಗ್ಲಿಷ್ ಬರುತ್ತಿರಲಿಲ್ಲ. ಬಂದು ಸೇರಿದ್ದು ವಲಸಿಗರೇ ತುಂಬಿದ್ದ ಲೋಯರ್ ಈಸ್ಟ್ ಸೈಡ್ ಅನ್ನೋ ಕಿಷ್ಕಿಂಧೆಗೆ.

ಹುಡುಗ ಓದಿನಲ್ಲಿ ಚುರುಕು. ಟೌನ್‌ಸೆಂಡ್ ಹ್ಯಾರಿಸ್ ಹೈಸ್ಕೂಲು, ಆಮೇಲೆ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್. ಕ್ರಿಮಿನಲ್ ವಕೀಲ ಆಗಬೇಕು ಅನ್ನೋದು ಲೆಕ್ಕಾಚಾರ. ಓದೋಕೆ ಅಂತ ಹೋದ ಕಡೆ ನಾಟಕದ ಹುಚ್ಚು ಹತ್ತಿದರೆ ಏನಾಗುತ್ತೆ ಅಂತ ನಮ್ಮ ಕ್ಲಬ್ಬಿನವರಿಗೆ ವಿವರಿಸಬೇಕಿಲ್ಲ! ಅಮೆರಿಕನ್ ಅಕಾಡೆಮಿ ಆಫ್ ಡ್ರಾಮ್ಯಾಟಿಕ್ ಆರ್ಟ್ಸ್‌ನ ವಿದ್ಯಾರ್ಥಿವೇತನ ಸಿಕ್ಕಿತು, ವಕೀಲಿ ಅಲ್ಲಿಗೇ ನಿಂತಿತು. ಅಲ್ಲಿಯ ಮೇಷ್ಟ್ರುಗಳಿಗೆ ಗೋಲ್ಡನ್‌ಬರ್ಗ್ ಅನ್ನೋ ಹೆಸರು ಪೋಸ್ಟರಿಗೆ ಹೊಂದಲ್ಲ ಅನ್ನಿಸಿತು. ಹೆಸರು ಬದಲಾಯಿಸಬೇಕಾಯಿತು. ಯಾವುದೋ ನಾಟಕ ನೋಡುವಾಗ ಒಂದು ಪಾತ್ರದ ಬಾಯಲ್ಲಿ ಬಂದ ರಾಬಿನ್ಸನ್ ಅನ್ನೋ ಹೆಸರು ಹಿಡಿಸಿತು. ಅದನ್ನೇ ಇಟ್ಟುಕೊಂಡರು. ಆದರೆ ಹಳೆಯದನ್ನು ಪೂರ್ತಿ ಬಿಡೋಕೆ ಮನಸ್ಸು ಬರಲಿಲ್ಲ. ಒಂದೇ ಅಕ್ಷರವಾಗಿ ಅದನ್ನು ನಡುವೆ ಉಳಿಸಿಕೊಂಡರು. ಎಲ್ಲರಿಗೂ ಕಾಣೋ ಎಲೆ ರಾಬಿನ್ಸನ್, ಮುಚ್ಚಿಟ್ಟ ಎಲೆ ಗೋಲ್ಡನ್‌ಬರ್ಗ್.

1915ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದರು. ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿ, ಯುದ್ಧ ಮುಗಿದ ಮೇಲೆ ಮತ್ತೆ ರಂಗಕ್ಕೇ ವಾಪಸ್. ಎತ್ತರ ಸುಮಾರು ಐದೂವರೆ ಅಡಿ, ಅದೂ ಕಷ್ಟದಲ್ಲಿ. ದಪ್ಪ ತುಟಿ, ಅಗಲ ಮುಖ. ಹೀರೋ ಆಗೋ ಮುಖ ಅಲ್ಲ ಅಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬಂದ ಪಾತ್ರವನ್ನೆಲ್ಲ ಮಾಡಿದರು: ಮುದುಕ, ವಿದೇಶಿ, ಸೇವಕ, ಅಧಿಕಾರಿ, ಏನಾದರೂ ಸೈ. ಬರುತ್ತಿದ್ದ ಹಲವು ಭಾಷೆಗಳೂ ಅಲ್ಲಿ ಕೈಹಿಡಿದವು. ಸುಮಾರು ಹದಿನೈದು ವರ್ಷ ಹೀಗೇ ನಡೀತು. ಅಷ್ಟು ವರ್ಷ ಅಂದರೆ ನಮ್ಮ ಕೋರ್ಸನ್ನು ಮೂರು ಸಲ ಮುಗಿಸಿ ಇನ್ನೂ ಮಿಗುತ್ತೆ! 1927ರಲ್ಲಿ 'ದ ರ‍್ಯಾಕೆಟ್' ನಾಟಕದಲ್ಲಿ ದರೋಡೆಕೋರರ ನಾಯಕನ ಪಾತ್ರ ಸಿಕ್ಕಿದಾಗ ಹಾಲಿವುಡ್ ತಿರುಗಿ ನೋಡಿತು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂದಿತ್ತು. ಮೂಕಿ ಚಿತ್ರಗಳ ಸುಂದರಾಂಗರಲ್ಲಿ ಎಷ್ಟೋ ಜನರ ದನಿ ಕೈಕೊಟ್ಟ ಕಾಲ ಅದು. ರಾಬಿನ್ಸನ್ ಹತ್ತಿರ ಇದ್ದಿದ್ದೇ ದನಿ.

1931ರ ಜನವರಿಯಲ್ಲಿ 'ಲಿಟಲ್ ಸೀಸರ್' ಬಿಡುಗಡೆ ಆಯಿತು. ನಿರ್ದೇಶಕ ಮರ್ವಿನ್ ಲೆರಾಯ್. ಸಣ್ಣ ಕಳ್ಳತನದಿಂದ ಶುರುಮಾಡಿ ದೊಡ್ಡ ಶಹರದ ಗ್ಯಾಂಗಿಗೆ ಯಜಮಾನನಾಗೋ ರಿಕೋ ಅನ್ನೋ ಪಾತ್ರ. ಆ ಒಂದು ಸಿನಿಮಾದಿಂದ ರಾಬಿನ್ಸನ್ ರಾತ್ರೋರಾತ್ರಿ ದೇಶಕ್ಕೆಲ್ಲ ಗೊತ್ತಾದರು. ಮುಂದೆ ಸಿನಿಮಾದಲ್ಲಿ ಬಾಯಲ್ಲಿ ಸಿಗಾರ್ ಕಚ್ಚಿ, ಗದರಿಸಿ ಮಾತಾಡೋ ಗೂಂಡಾಗಳು ಬಂದಾಗಲೆಲ್ಲ ಅವರಲ್ಲಿ ರಿಕೋನ ಅಂಶ ಸ್ವಲ್ಪವಾದರೂ ಇದ್ದೇ ಇರುತ್ತೆ. ತಮಾಷೆ ಏನು ಗೊತ್ತಾ? ಈ ಭಯಂಕರ ದರೋಡೆಕೋರನಿಗೆ ಪಿಸ್ತೂಲಿನ ಸದ್ದು ಆಗುತ್ತಿರಲಿಲ್ಲ. ಪ್ರತಿ ಸಲ ಗುಂಡು ಹಾರಿಸಿದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ರೆಪ್ಪೆ ಮುಚ್ಚದ ಹಾಗೆ ಸಣ್ಣ ಟೇಪ್ ಅಂಟಿಸಿ ಶೂಟಿಂಗ್ ಮಾಡಬೇಕಾಯಿತು.

ತೆರೆಯ ಮೇಲೆ ಗೂಂಡಾ, ಮನೆಯಲ್ಲಿ ಬೇರೆಯೇ ಮನುಷ್ಯ. ಸಂಬಳ ಬಂದ ಹಾಗೆಲ್ಲ ಚಿತ್ರಕಲೆ ಕೊಳ್ಳುತ್ತಾ ಹೋದರು. ಸೆಝಾನ್, ವ್ಯಾನ್ ಗೋ, ರೆನ್ವಾ, ಡೆಗಾ. ಅಮೆರಿಕದಲ್ಲಿ ಒಬ್ಬ ವ್ಯಕ್ತಿಯ ಮನೆಯಲ್ಲಿದ್ದ ಒಳ್ಳೊಳ್ಳೆ ಸಂಗ್ರಹಗಳಲ್ಲಿ ಅದೂ ಒಂದಾಯಿತು. ಸೆಝಾನ್ ಬರೆದ 'ಕಪ್ಪು ಗಡಿಯಾರ'ವೂ ಆ ಗೋಡೆಗಳ ಮೇಲಿತ್ತು. 1953ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಸಂಗ್ರಹದ 40 ಚಿತ್ರಗಳ ಪ್ರದರ್ಶನವನ್ನೇ ಏರ್ಪಡಿಸಿತು.

ಹೊಟ್ಟೆಪಾಡಿನ ಪಾತ್ರಗಳ ನಡುವೆ ಮುಚ್ಚಿಟ್ಟ ಎಲೆ ಆಗಾಗ ಹೊರಗೆ ಬರುತ್ತಿತ್ತು. ಹಿಟ್ಲರ್ ಜರ್ಮನಿಯಲ್ಲಿ ಯೆಹೂದಿಗಳ ಮೇಲೆ ಮುಗಿಬಿದ್ದಾಗ ಹಾಲಿವುಡ್ಡಿನ ಬಹಳಷ್ಟು ದೊಡ್ಡವರು ವ್ಯಾಪಾರ ಕೆಟ್ಟೀತು ಅಂತ ಬಾಯಿ ಮುಚ್ಚಿಕೊಂಡಿದ್ದರು. 1938ರ ಡಿಸೆಂಬರಿನಲ್ಲಿ ರಾಬಿನ್ಸನ್ ಮನೆಯಲ್ಲೇ ಚಿತ್ರರಂಗದವರು ಸೇರಿ, ನಾಜಿ ಜರ್ಮನಿಯ ಜೊತೆ ವ್ಯಾಪಾರ ನಿಲ್ಲಿಸಿ ಅನ್ನೋ ಮನವಿಗೆ ಸಹಿ ಹಾಕಿದರು. ಮುಂದಿನ ವರ್ಷ ವಾರ್ನರ್ ಬ್ರದರ್ಸ್ ತೆಗೆದ 'ಕನ್ಫೆಶನ್ಸ್ ಆಫ್ ಎ ನಾಜಿ ಸ್ಪೈ' ಚಿತ್ರದಲ್ಲಿ ನಾಜಿ ಗೂಢಚಾರರನ್ನು ಹಿಡಿಯೋ ಅಧಿಕಾರಿಯಾದರು. ಅಮೆರಿಕ ಯುದ್ಧಕ್ಕೆ ಇಳಿಯೋಕೆ ಇನ್ನೂ ಎರಡು ವರ್ಷ ಇತ್ತು ಆಗ! ಯುದ್ಧದ ದಿನಗಳಲ್ಲಿ ರೇಡಿಯೋದಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿದರು. 1944ರಲ್ಲಿ ನಾರ್ಮಂಡಿಗೆ ಹೋಗಿ ಸೈನಿಕರನ್ನು ರಂಜಿಸಿದ ಮೊದಲ ತಾರೆಯರಲ್ಲಿ ಅವರೂ ಒಬ್ಬರು.

ಅದೇ 1944ರಲ್ಲಿ ಬಂದದ್ದು ಬಿಲ್ಲಿ ವೈಲ್ಡರ್ ನಿರ್ದೇಶನದ 'ಡಬಲ್ ಇಂಡೆಮ್ನಿಟಿ'. ಇದು ನಮ್ಮ ಓದುಗರಿಗೆ ಹೇಳಿ ಮಾಡಿಸಿದ ಸಿನಿಮಾ. ರಾಬಿನ್ಸನ್ ಇದರಲ್ಲಿ ವಿಮಾ ಕಂಪನಿಯ ಕ್ಲೇಮುಗಳನ್ನು ಪರಿಶೀಲಿಸೋ ಕೀಸ್. ಒಬ್ಬ ರೈಲಿನಿಂದ ಬಿದ್ದು ಸತ್ತಿರುತ್ತಾನೆ. ಇದು ಆತ್ಮಹತ್ಯೆ, ದುಡ್ಡು ಕೊಡಬೇಕಿಲ್ಲ ಅಂತ ಕಂಪನಿಯ ಯಜಮಾನ ವಾದ ಹೂಡುತ್ತಾನೆ. ಕೀಸ್ ಎದ್ದುನಿಂತು ಆತ್ಮಹತ್ಯೆಯ ಅಂಕಿಅಂಶಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒದರುತ್ತಾ ಆ ವಾದವನ್ನು ಪುಡಿ ಮಾಡುತ್ತಾನೆ. ನಿಧಾನಕ್ಕೆ ಹೋಗೋ ರೈಲಿನಿಂದ ಹಾರಿ ಪ್ರಾಣ ಕಳ್ಕೊಂಡವರು ಆ ಪಟ್ಟಿಯಲ್ಲೇ ಇಲ್ಲ! ಸ್ಟಾಟಿಸ್ಟಿಕ್ಸ್ ಪಾಠ ಬೋರು ಅನ್ನೋರು ಆ ದೃಶ್ಯ ಒಮ್ಮೆ ನೋಡಬೇಕು. ಪೋಸ್ಟರಿನಲ್ಲಿ ಅವರ ಹೆಸರು ಮೂರನೆಯದು. ನಾಯಕನಾಗಿ ಮೆರೆದವರಿಗೆ ಅದನ್ನು ಒಪ್ಪೋದು ಸುಲಭ ಇರಲಿಲ್ಲ. ಆದರೆ ವಯಸ್ಸು ಐವತ್ತರ ಹತ್ತಿರ ಬಂದಿದೆ, ಇನ್ನು ಮುಂದೆ ಪೋಷಕ ಪಾತ್ರಗಳೇ ದಾರಿ ಅಂತ ಲೆಕ್ಕ ಹಾಕಿ ಒಪ್ಪಿಕೊಂಡರು. ಸಿನಿಮಾದಲ್ಲಿ ಎಲ್ಲರಿಗಿಂತ ಜೀವಂತ ಪಾತ್ರ ಅದೇ ಆಯಿತು.

ಮುಂದಿನ ವರ್ಷ ಫ್ರಿಟ್ಸ್ ಲ್ಯಾಂಗ್ ನಿರ್ದೇಶಿಸಿದ 'ಸ್ಕಾರ್ಲೆಟ್ ಸ್ಟ್ರೀಟ್'ನಲ್ಲಿ ಭಾನುವಾರ ಮಾತ್ರ ಚಿತ್ರ ಬರೆಯೋ ಒಬ್ಬ ಬಡಪಾಯಿ ಕ್ಯಾಷಿಯರ್ ಆದರು. 1948ರ 'ಕೀ ಲಾರ್ಗೋ'ದಲ್ಲಿ ಮತ್ತೆ ಗ್ಯಾಂಗ್‌ಸ್ಟರ್. ಎದುರಿಗೆ ಹಂಫ್ರಿ ಬೋಗಾರ್ಟ್. 1930ರ ದಶಕದಲ್ಲಿ ಇಬ್ಬರೂ ಒಟ್ಟಿಗೆ ಬಂದಾಗ ರಾಬಿನ್ಸನ್ ಹೆಸರು ಮೇಲೆ, ಬೋಗಾರ್ಟ್ ಕೆಳಗೆ. ಈಗ ಉಲ್ಟಾ. 1949ರಲ್ಲಿ 'ಹೌಸ್ ಆಫ್ ಸ್ಟ್ರೇಂಜರ್ಸ್' ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಸ್ಕರ್‌ಗೆ ಮಾತ್ರ ಒಂದು ಸಲ ನಾಮನಿರ್ದೇಶನ ಕೂಡ ಆಗಲಿಲ್ಲ.

ಆಮೇಲೆ ಬಂದಿದ್ದು ಕೆಟ್ಟ ಕಾಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಶುರುವಾಗಿತ್ತು. 1950ರಲ್ಲಿ 'ರೆಡ್ ಚಾನೆಲ್ಸ್' ಅನ್ನೋ ಕಿರುಹೊತ್ತಗೆ ಹೊರಬಂತು. ಕಮ್ಯುನಿಸ್ಟರ ಕಡೆ ಒಲವಿದೆ ಅಂತ 151 ಜನರ ಹೆಸರನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಅಲ್ಲಿ ರಾಬಿನ್ಸನ್ ಹೆಸರೂ ಇತ್ತು. ಅವರು ಪಕ್ಷದ ಸದಸ್ಯರಾಗಿರಲಿಲ್ಲ. ಫ್ಯಾಸಿಸಂ ವಿರುದ್ಧ ಅಂತ ಕೇಳಿದ ಸಂಘಗಳಿಗೆಲ್ಲ ಹೆಸರು ಕೊಟ್ಟಿದ್ದರು, ಚೆಕ್ ಬರೆದಿದ್ದರು, ಅಷ್ಟೇ. ಆದರೆ ಪಟ್ಟಿಗೆ ಅಷ್ಟೇ ಸಾಕಾಗಿತ್ತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ದೊಡ್ಡ ಪಾತ್ರಗಳು ಬರೋದು ನಿಂತುಹೋಯಿತು.

ತಾವಾಗಿಯೇ ಹೋಗಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ನಿಂತರು. 1950ರಲ್ಲಿ ಎರಡು ಸಲ, 1952ರಲ್ಲಿ ಮತ್ತೊಮ್ಮೆ. ಮೊದಲೆರಡು ಸಲ ತಾನು ದೇಶದ್ರೋಹಿಯಲ್ಲ ಅಂದರು. ಅದಕ್ಕೆ ಪಾತ್ರಗಳು ವಾಪಸ್ ಬರಲಿಲ್ಲ. ಮೂರನೇ ಸಲ ಸಮಿತಿಗೆ ಬೇಕಾದ್ದನ್ನು ಕೊಟ್ಟರು: ಕಮ್ಯುನಿಸ್ಟರು ತನ್ನನ್ನು ಮೋಸದಿಂದ ಬಳಸಿಕೊಂಡರು ಅಂತ ಒಪ್ಪಿಕೊಂಡು, ಆಗಲೇ ಪತ್ರಿಕೆಗಳಲ್ಲಿ ಬಂದಿದ್ದ ಕೆಲವರ ಹೆಸರನ್ನು ತಾವೂ ಹೇಳಿದರು. ಅದೇ ವರ್ಷ ಮಾಜಿ ಸೈನಿಕರ ಪತ್ರಿಕೆಯೊಂದರಲ್ಲಿ, ತಾನು ಹೇಗೆ ಬೇಸ್ತುಬಿದ್ದೆ ಅನ್ನೋ ಅರ್ಥದ ಒಂದು ಲೇಖನವೂ ಅವರ ಹೆಸರಲ್ಲಿ ಬಂತು.

ಅವರನ್ನು ಮೆಚ್ಚೋ ನಮಗೆ ಈ ಭಾಗ ಬರೆಯೋದು ಕಷ್ಟ. ಆದರೆ ಬಿಡೋ ಹಾಗಿಲ್ಲ. ಅದೇ ಸಮಿತಿಯ ಮುಂದೆ ಬಾಯಿಬಿಡದೆ ಜೈಲಿಗೆ ಹೋದ ಬರಹಗಾರರಿದ್ದರು. ಡಾಲ್ಟನ್ ಟ್ರಂಬೊ ಅಂಥವರಲ್ಲಿ ಒಬ್ಬರು. ರಾಬಿನ್ಸನ್ ಹೇಳಿದ ಹೆಸರುಗಳಿಂದ ಹೊಸದಾಗಿ ಯಾರಿಗೂ ತೊಂದರೆ ಆಗಲಿಲ್ಲ ಅನ್ನಬಹುದು. ಆದರೆ ಹಿಟ್ಲರ್ ವಿರುದ್ಧ ಎಲ್ಲರಿಗಿಂತ ಮುಂಚೆ ಸಹಿ ಹಾಕಿದ ಕೈಯೇ ಹದಿನಾಲ್ಕು ವರ್ಷದ ಮೇಲೆ ಆ ಸಹಿಗಳಿಗೆಲ್ಲ ಕ್ಷಮೆ ಕೇಳೋ ಹಾಗಾಯಿತಲ್ಲ, ಅದು ಸಣ್ಣ ಸೋಲಲ್ಲ. ಕೆಲಸ ಕಳ್ಕೊಂಡ, ಅರವತ್ತರ ಹತ್ತಿರ ಬಂದಿದ್ದ ಮನುಷ್ಯ ಆಗ ಎಲೆ ಕೆಳಗಿಟ್ಟುಬಿಟ್ಟರು. ಹಾಗೆ ಮಾಡಿದ್ದು ಅವರಿಗೂ ಸುಖ ಕೊಡಲಿಲ್ಲ ಅನ್ನೋದು ಅವರ ಆತ್ಮಕತೆ ಓದಿದರೆ ಗೊತ್ತಾಗುತ್ತೆ.

ಕಷ್ಟ ಒಂಟಿಯಾಗಿ ಬರಲ್ಲ ನೋಡಿ. 1927ರಲ್ಲಿ ಕೈಹಿಡಿದ ಹೆಂಡತಿ ಗ್ಲ್ಯಾಡಿಸ್ ಲಾಯ್ಡ್ ಜೊತೆಗಿನ ಸಂಸಾರ 1956ರಲ್ಲಿ ಮುರಿದುಬಿತ್ತು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಆಸ್ತಿಯಲ್ಲಿ ಅರ್ಧ ಅರ್ಧ ಪಾಲು. ಸೆಝಾನ್ ಚಿತ್ರವನ್ನು ಅರ್ಧ ಮಾಡೋಕಾಗುತ್ತಾ? 1957ರಲ್ಲಿ ಇಡೀ ಸಂಗ್ರಹದ ಬಹುಪಾಲನ್ನು ಗ್ರೀಕ್ ಹಡಗು ಉದ್ಯಮಿ ಸ್ಟಾವ್ರೋಸ್ ನಿಯಾರ್ಕೋಸ್‌ಗೆ ಮಾರಬೇಕಾಯಿತು. ಬೆಲೆ 30 ಲಕ್ಷ ಡಾಲರಿಗೂ ಮೇಲೆ. ದುಡ್ಡು ಬಂತು, ಗೋಡೆಗಳು ಬರಿದಾದವು. ಮರುವರ್ಷ ಜೇನ್ ಆಡ್ಲರ್ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಒಂದೊಂದೇ ಚಿತ್ರ ಕೊಳ್ಳುತ್ತಾ ಸೊನ್ನೆಯಿಂದ ಮತ್ತೆ ಶುರುಮಾಡಿದರು.

ಮತ್ತೆ ಅವರನ್ನು ದೊಡ್ಡ ಸಿನಿಮಾಕ್ಕೆ ಕರೆದವರು ಯಾರು ಅಂದರೆ ಸೆಸಿಲ್ ಬಿ. ಡಿಮಿಲ್! ಕಮ್ಯುನಿಸ್ಟರನ್ನು ಕಂಡರೆ ಉರಿದುಬೀಳುತ್ತಿದ್ದ ಕಟ್ಟಾ ಬಲಪಂಥೀಯ ನಿರ್ದೇಶಕ. 1956ರ 'ದ ಟೆನ್ ಕಮಾಂಡ್‌ಮೆಂಟ್ಸ್'ನಲ್ಲಿ ಡೇಥನ್ ಪಾತ್ರ ಕೊಟ್ಟರು. ಅಲ್ಲಿಂದ ಬಾಗಿಲು ತೆರೀತು. ಆದರೆ ದೇಹ ಸೋಲುತ್ತಿತ್ತು. 1962ರಲ್ಲಿ ಆಫ್ರಿಕಾದಲ್ಲಿ 'ಸ್ಯಾಮಿ ಗೋಯಿಂಗ್ ಸೌತ್' ಚಿತ್ರೀಕರಣದ ನಡುವೆ ಹೃದಯಾಘಾತ ಆಯಿತು. ಗುಣವಾಗಿ ಬಂದು ಮತ್ತೆ ಕ್ಯಾಮೆರಾ ಮುಂದೆ ನಿಂತರು.

ಇಷ್ಟೆಲ್ಲ ಆದ ಮೇಲೆ ಬಂದಿದ್ದು ಲ್ಯಾನ್ಸಿ. ಅದೂ ನೇರವಾಗಿ ಬರಲಿಲ್ಲ. ಮೊದಲು ಆ ಪಾತ್ರಕ್ಕೆ ಗೊತ್ತಾಗಿದ್ದವರು ಸ್ಪೆನ್ಸರ್ ಟ್ರೇಸಿ. ಆರೋಗ್ಯ ಸರಿಯಿಲ್ಲದೆ ಅವರು ಹಿಂದೆ ಸರಿದರು. ಮೊದಲ ನಿರ್ದೇಶಕ ಸ್ಯಾಮ್ ಪೆಕಿನ್‌ಪಾ ಅವರನ್ನು ಶೂಟಿಂಗ್ ಶುರುವಾದ ಕೆಲವೇ ದಿನಗಳಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಬಂದ ಜ್ಯೂಯಿಸನ್ ಚಿತ್ರದಲ್ಲಿ ಬೇರೆ ಬಣ್ಣಗಳನ್ನೆಲ್ಲ ಮಂಕು ಮಾಡಿ, ಎಲೆಗಳ ಕೆಂಪು ಮಾತ್ರ ಕಣ್ಣಿಗೆ ಹೊಡೆಯೋ ಹಾಗೆ ನೋಡಿಕೊಂಡರು.

ಸಿನಿಮಾದ ಆಟ ಫೈವ್ ಕಾರ್ಡ್ ಸ್ಟಡ್. ಒಬ್ಬೊಬ್ಬರಿಗೆ ಐದು ಎಲೆ. ಮೊದಲನೆಯದು ಮುಚ್ಚಿದ್ದು, ಉಳಿದ ನಾಲ್ಕು ಒಂದೊಂದಾಗಿ ಎಲ್ಲರೆದುರೇ ಬೀಳುತ್ತವೆ. ಪ್ರತಿ ಎಲೆ ಬಿದ್ದ ಮೇಲೂ ದುಡ್ಡು ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಕೈಚೆಲ್ಲಬಹುದು. ಎದುರಾಳಿಯ ಎಲೆಗಳಲ್ಲಿ ಗೊತ್ತಿಲ್ಲದ್ದು ಒಂದೇ ಒಂದು. ಅಷ್ಟಕ್ಕೇ ಇಷ್ಟೆಲ್ಲ ಗೋಳು! ಎಲೆ ಹಂಚೋ ಶೂಟರ್ ಕಿಡ್‌ಗೆ ಒಳ್ಳೆ ಎಲೆ ಬರೋ ಹಾಗೆ ಕೈಚಳಕ ತೋರಿಸುತ್ತಾನೆ. ಶ್ರೀಮಂತನೊಬ್ಬ ಲ್ಯಾನ್ಸಿ ಮೇಲಿನ ಸೇಡಿಗಾಗಿ ಅವನನ್ನು ಬೆದರಿಸಿ ಮಾಡಿಸುತ್ತಿರುತ್ತಾನೆ. ಅದು ಗೊತ್ತಾದ ಕಿಡ್ ಶೂಟರನನ್ನು ಮೇಜಿನಿಂದ ಎಬ್ಬಿಸುತ್ತಾನೆ. ಗೆದ್ದರೆ ಸಾಚಾ ಆಟದಲ್ಲೇ ಗೆಲ್ಲಬೇಕು ಅವನಿಗೆ. ರಾತ್ರಿ ಹಗಲು ಆಟ ಸಾಗಿದ ಹಾಗೆ ಲ್ಯಾನ್ಸಿ ದಣಿಯುತ್ತಾನೆ. ಎಲೆ ಹಂಚೋಕೆ ಬರೋ ಲೇಡಿ ಫಿಂಗರ್ಸ್ ಅವನ ವಯಸ್ಸನ್ನೇ ಚುಚ್ಚುತ್ತಾಳೆ. ಆ ಪಾತ್ರ ಮಾಡಿದ ಜೋನ್ ಬ್ಲಾಂಡೆಲ್ 1936ರ 'ಬುಲೆಟ್ಸ್ ಆರ್ ಬ್ಯಾಲಟ್ಸ್'ನಲ್ಲಿ ರಾಬಿನ್ಸನ್ ಜೊತೆ ನಟಿಸಿದ್ದವರು. ಮೇಜಿನ ಆಚೆ ಈಚೆ ಇಬ್ಬರ ಮುಖದಲ್ಲೂ ಮೂವತ್ತು ವರ್ಷ ಕಾಣುತ್ತೆ.

(ಇನ್ನೂ ನೋಡಿಲ್ಲದವರು ಬೇಕಿದ್ದರೆ ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಕೊನೆಯ ಕೈ. ಕಿಡ್ ಹತ್ತಿರ ಮೂರು ಎಕ್ಕ, ಎರಡು ಹತ್ತು. ಫುಲ್ ಹೌಸ್. 52 ಎಲೆಯಲ್ಲಿ ಐದನ್ನು ಆರಿಸೋಕೆ 25,98,960 ದಾರಿ. ಅದರಲ್ಲಿ ಫುಲ್ ಹೌಸ್ ಆಗೋದು 3,744. ಅಂದರೆ ಸುಮಾರು 694ಕ್ಕೆ ಒಂದು. ಇಬ್ಬರೇ ಆಡೋ ಆಟದಲ್ಲಿ ಇಂಥ ಕೈ ಬಂದರೆ ಯಾರೂ ಬಿಡಲ್ಲ. ಕೈಯಲ್ಲಿದ್ದ ದುಡ್ಡೆಲ್ಲ ಮುಗಿದು, ಸಾಲದ ಮೇಲೂ ಕಿಡ್ ಆಡುತ್ತಾನೆ. ಲ್ಯಾನ್ಸಿಯ ಮುಂದೆ ಡೈಮಂಡಿನ ಎಂಟು, ಒಂಬತ್ತು, ಹತ್ತು, ರಾಣಿ. ಗೆಲ್ಲಬೇಕಾದರೆ ಮುಚ್ಚಿರೋ ಎಲೆ ಡೈಮಂಡಿನ ಗುಲಾಮನೇ ಆಗಿರಬೇಕು. ಸ್ಟ್ರೇಟ್ ಫ್ಲಶ್ ಆಗೋ ದಾರಿಗಳು, ರಾಯಲ್ ಫ್ಲಶ್ ಬಿಟ್ಟರೆ, ಬರೀ 36. ಸುಮಾರು 72,000ಕ್ಕೆ ಒಂದು. ಲ್ಯಾನ್ಸಿ ಎಲೆ ತಿರುಗಿಸುತ್ತಾನೆ. ಡೈಮಂಡ್ ಗುಲಾಮ.

ಈ ಕೈ ಬಗ್ಗೆ ಪೋಕರ್ ಬಲ್ಲವರು ಇವತ್ತಿಗೂ ಜಗಳ ಆಡುತ್ತಾರೆ. ಲೆಕ್ಕದ ಪ್ರಕಾರ ಲ್ಯಾನ್ಸಿ ಅಷ್ಟು ದುಡ್ಡು ಹಾಕಿ ಆ ಕೈಯಲ್ಲಿ ಉಳಿಯಲೇಬಾರದಿತ್ತು. ಕಿಡ್ ಆಡಿದ್ದೇ ಸರಿ. ಸರಿಯಾಗಿ ಆಡಿದವನು ಸೋತ, ತಪ್ಪಾಗಿ ಆಡಿದವನು ಗೆದ್ದ. ಪ್ರಾಬಬಿಲಿಟಿ ಓದಿದ ನಮಗೆ ಇದರಲ್ಲಿ ಅನ್ಯಾಯ ಏನೂ ಕಾಣಬಾರದು. ಸಾವಿರ ಸಲ ಆಡಿದರೆ ಕಿಡ್‌ನೇ ಮುಂದೆ ಇರುತ್ತಾನೆ. ಆದರೆ ಬದುಕಿನಲ್ಲಿ ಕೆಲವು ಕೈಗಳನ್ನು ಸಾವಿರ ಸಲ ಹಂಚಲ್ಲ. ಒಂದೇ ಸಲ.

ರಾಬಿನ್ಸನ್‌ಗೆ ಅದು ಗೊತ್ತಿತ್ತು. ತಾನು ಲ್ಯಾನ್ಸಿಯ ಹಾಗೆ ಅಂತ ಅಲ್ಲ, ಲ್ಯಾನ್ಸಿಯೇ ತಾನು ಅಂತ ಆತ್ಮಕತೆಯಲ್ಲಿ ಒಪ್ಪಿಕೊಂಡಿದ್ದಾರೆ. ಬೇರೆ ಯಾವ ಪಾತ್ರಕ್ಕಿಂತಲೂ ಹೆಚ್ಚಾಗಿ ಅಲ್ಲಿ ರಾಬಿನ್ಸನ್ ಕಾಣುತ್ತಾರೆ, ಅದರ ಸಂದಿಯಲ್ಲಿ ಆ ಹಳೇ ಗೋಲ್ಡನ್‌ಬರ್ಗ್ ಹುಡುಗನೂ ಇಣುಕುತ್ತಾನೆ ಅನ್ನೋದು ಅವರ ಲೆಕ್ಕ. ಗೆದ್ದ ಮೇಲೂ ಲ್ಯಾನ್ಸಿ ಕುಣಿಯಲ್ಲ. ಈ ಸಲ ಉಳಿದೆ, ಮುಂದಿನ ಸಲ ಗೊತ್ತಿಲ್ಲ ಅನ್ನೋ ಹಾಗಿರುತ್ತೆ ಆ ಮುಖ. ಒಮ್ಮೆ ಎಲೆ ಕೆಳಗಿಟ್ಟು, ಅದರ ಬೆಲೆ ಏನು ಅಂತ ಕಂಡವರಿಗೆ ಮಾತ್ರ ಆ ಮುಖ ಬಂದೀತು ಅಂತ ನಮಗೆ ಅನ್ನಿಸುತ್ತೆ.

ಕೊನೆಯ ಸಿನಿಮಾ 'ಸಾಯ್ಲೆಂಟ್ ಗ್ರೀನ್'. ಜನ ತುಂಬಿ ತುಳುಕಿ, ಅನ್ನಕ್ಕೂ ಗತಿಯಿಲ್ಲದ ಭವಿಷ್ಯದ ನ್ಯೂಯಾರ್ಕ್ ಅದರ ಕತೆ. ಆ ಭವಿಷ್ಯದ ಇಸವಿ 2022! ಹಳೇ ಭೂಮಿಯ ಹಸಿರನ್ನು ಕಣ್ಣಾರೆ ಕಂಡಿದ್ದ ಸಾಲ್ ಅನ್ನೋ ಮುದುಕ ಇವರು. ಬದುಕು ಸಾಕಾಗಿ ದಯಾಮರಣ ಕೇಳಿ ಹೋಗುತ್ತಾನೆ. ಹೂವು, ಪ್ರಾಣಿ, ಸಮುದ್ರದ ದೃಶ್ಯಗಳನ್ನು ದೊಡ್ಡ ಪರದೆಯ ಮೇಲೆ ನೋಡುತ್ತಾ ಪ್ರಾಣ ಬಿಡುತ್ತಾನೆ. ಆ ಹೊತ್ತಿಗೆ ರಾಬಿನ್ಸನ್ ಅವರ ಕಿವಿ ಬಹುತೇಕ ಕೇಳುತ್ತಿರಲಿಲ್ಲ. ಒಳಗೆ ಕ್ಯಾನ್ಸರ್ ಇತ್ತು. 1973ರ ಜನವರಿ 26ರಂದು, ಸಿನಿಮಾ ತೆರೆಗೆ ಬರೋ ಮುಂಚೆಯೇ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡು ತಿಂಗಳ ಮೇಲೆ, ಮಾರ್ಚ್ 27ರಂದು ಆಸ್ಕರ್ ಸಮಾರಂಭ. ನೂರಕ್ಕೂ ಹೆಚ್ಚು ಸಿನಿಮಾ ಮಾಡಿ ಒಮ್ಮೆಯೂ ನಾಮನಿರ್ದೇಶನ ಆಗದಿದ್ದವರಿಗೆ ಆ ರಾತ್ರಿ ಗೌರವ ಆಸ್ಕರ್ ಕೊಟ್ಟರು. ಜೇನ್ ವೇದಿಕೆಗೆ ಬಂದು ತಗೊಂಡರು. ಅದೇ ರಾತ್ರಿ ಮರ್ಲನ್ ಬ್ರಾಂಡೊ 'ದ ಗಾಡ್‌ಫಾದರ್'ಗೆ ಬಂದ ಆಸ್ಕರನ್ನು ಬೇಡ ಅಂದದ್ದು. ಮಾರನೇ ದಿನ ಎಲ್ಲರ ಬಾಯಲ್ಲೂ ಅದೇ ಸುದ್ದಿ.

ಸೆಮಿಸ್ಟರ್ ರಜೆ ಬರುತ್ತಿದೆ. 'ಡಬಲ್ ಇಂಡೆಮ್ನಿಟಿ' ಮೊದಲು ನೋಡಿ, 'ಸಿನ್ಸಿನಾಟಿ ಕಿಡ್' ಆಮೇಲೆ. ಮೊದಲನೆಯದರಲ್ಲಿ ಅಂಕಿಅಂಶ ನಂಬಿ ಗೆಲ್ಲೋ ರಾಬಿನ್ಸನ್ ಸಿಗುತ್ತಾರೆ, ಎರಡನೆಯದರಲ್ಲಿ ಅಂಕಿಅಂಶವನ್ನೇ ಸೋಲಿಸೋ ರಾಬಿನ್ಸನ್. ಮೆಕ್ವೀನ್ ಅವರನ್ನು ನೋಡಬೇಡಿ ಅಂತ ನಾವು ಹೇಳಲ್ಲ, ಹೇಳಿದರೂ ನೀವು ಕೇಳಲ್ಲ. ಆದರೆ ಲ್ಯಾನ್ಸಿ ಆ ಒಂದು ಎಲೆಯ ಮೂಲೆ ಎತ್ತಿ ನೋಡುವಾಗ ಅವನ ಕಣ್ಣು ಒಮ್ಮೆ ಗಮನಿಸಿ. ಈ ಸಲ ರೆಪ್ಪೆಗೆ ಟೇಪ್ ಹಚ್ಚಿರಲಿಲ್ಲ.